ಎರಡು ಕೈಬರಹ

ನಫೀಸಾ ಮೇಡಂ ಬರೆದರೆ ಇರುವೆ ಸಾಲು.
ಶಿವಮೊಗ್ಗದ ಹೆರ್ಲೆ ಡಾಕ್ಟರದ್ದು
ಅಂಗಳಕ್ಕೆ ಚೆಲ್ಲಿದ ಶಾವಿಗೆ.
ಇಪ್ಪತ್ತೊಂದು ವರ್ಷ ಈ ಕಿಟಕಿಯ ಒಳಗೆ ನಿಂತು
ಎಂಥೆಂಥ ಗೀಚು ಓದಿ ಮಾತ್ರೆ ಎಣಿಸಿದವ ನಾನು.
ಒಬ್ಬರ ಮುಖ ದಿನಾ ನೋಡುತ್ತೇನೆ,
ಇನ್ನೊಬ್ಬರದು ಬರೀ ಕೈ ಗೊತ್ತು.

ಟೈಲರ್ ತೀರ್ಥಪ್ಪನ ಹತ್ತಿರ ಎರಡು ಕವರು.
ನೀಲಿಯದು ಮಂಡಿನೋವಿಗೆ,
ಆನಂದಪುರದ ನಮ್ಮ ಆಸ್ಪತ್ರೆಗೆ.
ಇನ್ನೊಂದು, ಯಾವುದೋ ಸೀರೆ ಅಂಗಡಿಯದು,
ಮಿಷನ್ನಿನ ಡ್ರಾಯರಿನಲ್ಲಿ, ಬಾಬಿನ್ನುಗಳ ಅಡಿಗೆ.
ಅದು ತಿಂಗಳಿಗೊಮ್ಮೆ ಬೆಳಗಿನ ರೈಲು ಹತ್ತಿ ಹೋಗಿ
ಕತ್ತಲಾಗುವ ಮುಂಚೆ ವಾಪಸು.
ಕೇಳಿದರೆ, ‘ದಾರ ತರಲಿಕ್ಕೆ.’

ಊರಿಗೆ ಗೊತ್ತಿಲ್ಲವೆಂದಲ್ಲ.
ಆರು ವರ್ಷದ ಕೆಳಗೆ
ಎರಡು ರಾತ್ರಿ ಒಂದು ಹಗಲು ಕಣ್ಣು ಮುಚ್ಚದೆ
ನಲವತ್ತೆರಡು ಲಂಗ ಹೊಲಿದಿದ್ದ,
ಯಾರ ಅಳತೆಯೂ ಅಲ್ಲದ್ದು.
ಬಸ್‌ಸ್ಟ್ಯಾಂಡಿನ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ನೇತುಹಾಕಿ
ಇಳಿದವರಿಗೆಲ್ಲ ಕೈಮುಗಿದು ಹಂಚಿದ್ದ.
ಒಂದು ನನ್ನ ತಂಗಿಗೂ ಸಿಕ್ಕಿತ್ತು. ಒಳ್ಳೆ ಹೊಲಿಗೆ.

ಮೇಡಂ ಬಂದದ್ದು ಹೋದ ವರ್ಷ.
ಅವರಿಗೆ ತೀರ್ಥಪ್ಪನೆಂದರೆ ಒಂದು ಮಂಡಿ,
ಹೆರ್ಲೆಯವರಿಗೆ ಒಂದು ತಲೆ.
ತಲೆಯಿಂದ ಮಂಡಿಗೆ
ಸುಮಾರು ಐವತ್ತು ಕಿಲೋಮೀಟರು.

ಡಿಸೆಂಬರಿನ ಒಂದು ಮಂಗಳವಾರ
ರಿಜಿಸ್ಟರಿನಲ್ಲಿ ರುಜು ಹಾಕುವಾಗ
ಅವನ ಹೆಸರು ಅರ್ಧದಲ್ಲೇ ಗೆರೆ ದಾಟಿತು.
‘ಚಳಿಯೇನೋ?’ ಅಂದೆ.
‘ಸೂಜಿಗೆ ದಾರ ಈಗ ಮಗಳು ಪೋಣಿಸಿ ಕೊಡ್ತಾಳೆ’ ಅಂದ.
ನಾಲಿಗೆಯೂ ತುಸು ದಪ್ಪ.
‘ಬೇರೆ ಏನಾದ್ರೂ ನುಂಗ್ತೀಯ?’

ಹಿಂದಿನ ಕ್ಯೂ ನೋಡಿದ. ನನ್ನ ನೋಡಿದ.
ಸೀರೆ ಅಂಗಡಿಯ ಕವರನ್ನು ನಾಲ್ಕು ಮಡಿಕೆ ಮಾಡಿ
ಲಂಚ ಕೊಡುವವನ ಹಾಗೆ
ಕಿಟಕಿಯ ಅಡಿಯಿಂದ ತಳ್ಳಿದ.

ಶಾವಿಗೆ ಬಿಡಿಸಿ ಓದಿದೆ: ಲಿಥಿಯಂ.
ಮೂರು ತಿಂಗಳಿಂದ ಅದರ ಜೊತೆಗೆ
ಕೂಡಿ ಬಾಳದ ನೋವಿನ ಮಾತ್ರೆ,
ಹತ್ತು ಹತ್ತು ಎಣಿಸಿ ಕಾಗದ ಸುತ್ತಿ
‘ಊಟ ಆದ ಮೇಲೆ’ ಎಂದು ಹೇಳಿ ಕೊಟ್ಟದ್ದು
ಈ ಕೈ.

ಮೇಡಂ ಫೋನು ಹಚ್ಚಿದರು. ಕ್ಯೂ ಗೊಣಗಿತು.
ಹೆರ್ಲೆಯವರ ದನಿ ಮೊದಲ ಸಲ ಕೇಳಿದೆ:
ಸಣ್ಣದು, ನೆಗಡಿಯಾದವರ ಹಾಗೆ.
‘ಎರಡೂ ಇವತ್ತೇ ನಿಲ್ಲಲಿ. ಆಂಬುಲೆನ್ಸ್ ಹತ್ತಿಸಿ,
ರಕ್ತ ಇಲ್ಲೇ ನೋಡ್ತೇವೆ.’
‘ಸರ್, ನೀವು ಒಂದು ಗೆರೆ ಬರೆದಿದ್ದರೆ...’
‘ನೀವು ಒಂದು ಮಾತು ಕೇಳಿದ್ದರೆ...’
ಆಮೇಲೆ ಎರಡೂ ಕಡೆ ಏನಿಲ್ಲ.
ಯಾರದೋ ಮಗು ಕೆಮ್ಮಿತು.

ಬೆಂಚಿನ ಮೇಲೆ ಕೂತ ತೀರ್ಥಪ್ಪ
ತೊದಲುತ್ತಲೇ ಅಂದ:
‘ಕಾಜ ಒಬ್ಬ ಮಾಡಿ ಗುಂಡಿ ಇನ್ನೊಬ್ಬ ಹಾಕಿದ್ರೆ
ಅಂಗಿ ಹಿಂಗೇ, ಸೊಟ್ಟ.’
ಮೇಡಂ ನಗಲಿಲ್ಲ.
ಫೋನಿನೊಳಗೆ ಯಾರೋ ನಕ್ಕ ಹಾಗಾಯಿತು.

ಹನ್ನೊಂದು ದಿನಕ್ಕೆ ಮರಳಿ ಬಂದ.
ಕೈಯಲ್ಲಿ ಅವನ ಅಳತೆ ಪುಸ್ತಕ.
ಮುಂದಿನಿಂದ ತೆರೆದರೆ ಊರಿನ ಎದೆ, ಸೊಂಟ, ತೋಳು;
ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ
ಅವನೇ.
‘ಇಬ್ಬರೂ ಇದರಲ್ಲೇ ಬರೀಲಿ.
ಓದೋದು ಅವರಿಬ್ಬರು, ಮತ್ತೆ ಈ ಕಿಟಕಿ.
ನಾಲ್ಕನೆಯವರು ಬೇಡ.’

ಈಗ ಪುಸ್ತಕ ರೈಲಿನಲ್ಲಿ ಹೋಗುತ್ತದೆ, ಬರುತ್ತದೆ.
ಇರುವೆ ಸಾಲಿನ ಕೆಳಗೆ ಶಾವಿಗೆ,
ಶಾವಿಗೆಯ ಕೆಳಗೆ ಇರುವೆ:
ರಕ್ತದ ಅಂಕಿ, ಬಿಪಿ, ‘ಉಪ್ಪು ತೀರ ಬಿಡಬೇಡಿ’,
‘ನೀವು ಹೇಳಿದ್ದು ಸರಿ’,
ಒಮ್ಮೆ, ‘ನಿಮ್ಮ ನೆಗಡಿ ಹೇಗಿದೆ ಸರ್?’
ಶಾವಿಗೆಯೂ ಇತ್ತೀಚೆಗೆ
ಸ್ವಲ್ಪ ನೆಟ್ಟಗೆ ನಿಲ್ಲುತ್ತಿದೆ, ಅಥವಾ
ನನಗೆ ರೂಢಿಯಾಗಿದೆ.

ಹೋದ ವಾರ ಮೂರನೆಯ ಕೈಬರಹ,
ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ:
‘ನಿದ್ದೆ ಆರು ತಾಸು.
ದಾರ ನಾನೇ ಪೋಣಿಸಿದೆ.
ಮಂಡಿ ಮಾತ್ರ ಹಾಗೇ ನೋಯ್ತದೆ.’

ಅದರ ಕೆಳಗೆ
ಇಬ್ಬರೂ ಇನ್ನೂ ಏನೂ ಬರೆದಿಲ್ಲ.